ಹಳೆಯ ಕಾರಿನ ಗಣಕಕ್ಕೆ ಹೊಸ ಪಾಠ ಬೇಕೆ?

ಯಲಹಂಕ ಉಪನಗರದಲ್ಲಿ ನನ್ನ ಹಿರಿಯ ಮಿತ್ರರೊಬ್ಬರಿದ್ದಾರೆ. ಪ್ರೌಢಶಾಲೆಯಲ್ಲಿ ಬಹುಕಾಲ ಗಣಿತವನ್ನು ಬೋಧಿಸಿ ನಿವೃತ್ತರಾದವರು. ಅವರ ಬಳಿ ೨೦೧೪ರಲ್ಲಿ ಕೊಂಡ, ‘ಕೆ.ಎ. ೫೦’ ಎಂಬ ಫಲಕವನ್ನು ಹೊತ್ತ, ಪೆಟ್ರೋಲಿನ ಕಾರೊಂದಿದೆ. ಕಳೆದ ಚಳಿಗಾಲದಲ್ಲಿ ಈ ಕಾರಿಗೆ ಒಂದರ ಹಿಂದೊಂದು ತೊಂದರೆಗಳು ಕಾಣಿಸಿಕೊಂಡವು. ಬೆಳಗಿನ ಹೊತ್ತು ಎಂಜಿನ್ನು ಸುಲಭವಾಗಿ ಹಿಡಿಯುತ್ತಿರಲಿಲ್ಲ. ಹೆಬ್ಬಾಳದ ಮೇಲುಸೇತುವೆಗೆ ಮುನ್ನ ವಾಹನಗಳ ಸಾಲಿನಲ್ಲಿ ನಿಂತಾಗ ಕಾರು ಚಳಿಜ್ವರ ಬಂದವರಂತೆ ನಡುಗುತ್ತಿದ್ದಿತು. ಲೀಟರು ಪೆಟ್ರೋಲಿಗೆ ಓಡುವ ದೂರ ಇಳಿದಿತ್ತು. ಕಡೆಗೆ ಒಂದು ದಿನ ಚಾಲಕನ ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಹೊತ್ತಿಕೊಂಡು ಆರದೆ ಉಳಿಯಿತು.

ಕಾರನ್ನು ತಪಾಸಣೆಗೆ ಒಯ್ದ ಕಡೆ ಅವರಿಗೆ ದೊರೆತ ಉತ್ತರ ಇದು: “ಸಾಫ್ಟ್‌ವೇರ್ ಹಳೆಯದಾಗಿದೆ ಸಾರ್. ಅಪ್‌ಡೇಟ್ ಮಾಡಿಸಬೇಕು. ಇಲ್ಲದಿದ್ದರೆ ಗಾಡಿ ಮಾರಿಬಿಡುವುದು ಒಳ್ಳೆಯದು.” ಅದಕ್ಕೆ ತಗಲುವ ಹಣ ನಿವೃತ್ತಿವೇತನದಲ್ಲಿ ಬದುಕುವವರಿಗೆ ಹಗುರವಾದುದಲ್ಲ. ಮೇಷ್ಟರು ಹಿಂದಿರುಗುವ ದಾರಿಯಲ್ಲಿ ನನ್ನ ಮನೆಗೆ ಬಂದರು. “ನೋಡಪ್ಪ, ಮೂವತ್ತೈದು ವರ್ಷ ಅದೇ ಪೈಥಾಗೊರಸನ ಪ್ರಮೇಯವನ್ನು ಹೇಳಿಕೊಟ್ಟೆ. ಅದಕ್ಕೆ ಯಾರೂ ಅಪ್‌ಡೇಟ್ ಕೇಳಲಿಲ್ಲ. ಕಾರಿನೊಳಗಿನ ಲೆಕ್ಕ ಹತ್ತು ವರ್ಷಕ್ಕೆ ಹೇಗೆ ಹಳಸಿತು?” ಎಂದು ಕೇಳಿದರು.

ಪ್ರಶ್ನೆ ಹಾಸ್ಯದಂತೆ ತೋರಿದರೂ ವಿಜ್ಞಾನದ ವಿದ್ಯಾರ್ಥಿಗಳು ವಿಚಾರ ಮಾಡಲು ಯೋಗ್ಯವಾದುದೇ ಆಗಿದೆ. ನಟ್ಟು ಬೋಲ್ಟುಗಳು ಸವೆಯುತ್ತವೆ, ರಬ್ಬರು ಒಣಗುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಬರಿಯ ಸೂಚನೆಗಳ ಸರಣಿಯಾದ ತಂತ್ರಾಂಶಕ್ಕೆ, ಎಂದರೆ ಸಾಫ್ಟ್‌ವೇರಿಗೆ, ಮುಪ್ಪು ಬರುವುದುಂಟೆ? ಬರುವುದಾದರೆ ಅದು ಯಾವ ಬಗೆಯ ಮುಪ್ಪು? ಇದನ್ನು ತಿಳಿಯಬೇಕಾದರೆ ಕಾರಿನ ಗಣಕ ಮಾಡುವ ಕೆಲಸವೇನೆಂಬುದನ್ನು ಮೊದಲು ನೋಡಬೇಕು.

ಪೆಟ್ರೋಲು ಎಂಜಿನ್ನಿನಲ್ಲಿ ನಡೆಯುವ ಮುಖ್ಯ ವ್ಯವಹಾರವೆಂದರೆ ಗಾಳಿಗೆ ಇಂಧನವನ್ನು ತಕ್ಕ ಪ್ರಮಾಣದಲ್ಲಿ ಬೆರಸಿ, ತಕ್ಕ ಕ್ಷಣದಲ್ಲಿ ಕಿಡಿ ಸೋಕಿಸುವುದು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ಕಿಲೋಗ್ರಾಂ ಗಾಳಿ ಬೇಕು. ಗಾಳಿ ಕಡಮೆಯಾದರೆ ಇಂಧನ ಅರೆಬೆಂದು ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡು ಹೆಚ್ಚುತ್ತದೆ. ಗಾಳಿ ಹೆಚ್ಚಾದರೆ ಮಿಶ್ರಣ ತೆಳುವಾಗಿ ಎಂಜಿನ್ನು ತಡವರಿಸುತ್ತದೆ. ಹೊಗೆಯನ್ನು ಶುದ್ಧಿಮಾಡಲು ಕೊಳವೆಯಲ್ಲಿ ಅಳವಡಿಸಿರುವ ಕ್ಯಾಟಲಿಟಿಕ್ ಕನ್ವರ್ಟರು ಸಹ ಈ ಪ್ರಮಾಣದ ಆಸುಪಾಸಿನಲ್ಲಿ ಮಾತ್ರ ಸರಿಯಾಗಿ ಕೆಲಸಮಾಡಬಲ್ಲದು.

ಹಿಂದಿನ ಕಾಲದ ಕಾರುಗಳಲ್ಲಿ ಈ ಬೆರಕೆಯ ಕೆಲಸವನ್ನು ಕಾರ್ಬ್ಯುರೇಟರು ಮಾಡುತ್ತಿದ್ದಿತು. ಅದರ ಅಳತೆಗೋಲು ಹಿತ್ತಾಳೆಯ ಒಂದು ಸಣ್ಣ ರಂಧ್ರ. ರಂಧ್ರಕ್ಕೆ ಊರು ಯಾವುದೆಂದು ತಿಳಿಯದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿರುವುದಷ್ಟೆ. ಮಂಗಳೂರಿನ ಗಾಳಿಯ ಒತ್ತಡವನ್ನು ೧೦೦ ಎಂದಿಟ್ಟುಕೊಂಡರೆ ಬೆಂಗಳೂರಿನದು ಸುಮಾರು ೯೦. ಯಲಹಂಕದಿಂದ ಹೊರಟು ೧,೪೭೮ ಮೀಟರು ಎತ್ತರದ ನಂದಿಬೆಟ್ಟವನ್ನು ಏರಿದರೆ ಅದು ೮೪ರ ಸಮೀಪಕ್ಕೆ ಇಳಿಯುತ್ತದೆ. ಗಾಳಿ ವಿರಳವಾದಂತೆ ಕಾರ್ಬ್ಯುರೇಟರಿನ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಅತಿಯಾಗುತ್ತದೆ. ಕರಾವಳಿಯಲ್ಲಿ ಹದಗೊಳಿಸಿದ ಕಾರು ಘಟ್ಟ ಹತ್ತಿ ಬಂದ ಮೇಲೆ ಕರಿಹೊಗೆ ಬಿಡುವುದನ್ನು ಹಳೆಯ ಚಾಲಕರು ಬಲ್ಲರು. ಆಗ ತಿರುಪುಳಿ ಹಿಡಿದು ಕಾರನ್ನು ‘ಟ್ಯೂನ್’ ಮಾಡಬೇಕಾಗಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೇ ಆ ಕಾಲದ ಅಪ್‌ಡೇಟ್.

ಗಣಕವು ಈ ತಿರುಪುಳಿಯನ್ನು ತನ್ನ ಕೈಗೆ ತೆಗೆದುಕೊಂಡಿತು. ಇಂಧನವನ್ನೂ ಕಿಡಿಯನ್ನೂ ಒಂದೇ ಸೂಕ್ಷ್ಮಗಣಕದ ವಶಕ್ಕೆ ಕೊಟ್ಟ ಬಾಷ್ ಕಂಪನಿಯ ‘ಮೋಟ್ರಾನಿಕ್’ ಎಂಬ ವ್ಯವಸ್ಥೆ ಜರ್ಮನಿಯಲ್ಲಿ ೧೯೭೯ರಲ್ಲಿ ಬಿ.ಎಂ.ಡಬ್ಲ್ಯು. ಕಾರೊಂದರಲ್ಲಿ ಬಂದಿತು. ನಮ್ಮ ದೇಶದಲ್ಲಿ ೨೦೦೦ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದಾಗ ಸಾಮಾನ್ಯ ಕಾರುಗಳು ಕಾರ್ಬ್ಯುರೇಟರನ್ನು ಬಿಟ್ಟು ಇಂಧನವನ್ನು ಚಿಮ್ಮಿಸುವ ‘ಇಂಜೆಕ್ಟರು’ಗಳಿಗೆ ತಿರುಗಿದುವು. ಮೋಟಾರು ಸೈಕಲ್ಲು, ಸ್ಕೂಟರುಗಳಲ್ಲಿ ಬಹುಪಾಲು ಈ ದಾರಿಗೆ ಬಂದುದು ೨೦೨೦ರಲ್ಲಿ, ಭಾರತ್ ಸ್ಟೇಜ್ ೬ ನಿಯಮಗಳು ಜಾರಿಯಾದ ಮೇಲೆ.

ನಾಲ್ಕು ಸಿಲಿಂಡರುಗಳ ಎಂಜಿನ್ನು ಮಿನಿಟಿಗೆ ೩,೦೦೦ ಸುತ್ತು ತಿರುಗುತ್ತಿದೆಯೆಂದು ಭಾವಿಸೋಣ. ಒಂದೊಂದು ಸಿಲಿಂಡರಿಗೂ ಎರಡು ಸುತ್ತಿಗೆ ಒಮ್ಮೆ ಇಂಧನ ಬೇಕು. ಎಂದರೆ ಎಲ್ಲ ಸಿಲಿಂಡರುಗಳಿಗೂ ಸೇರಿ ಸೆಕೆಂಡಿಗೆ ೧೦೦ ಸಲ ಇಂಜೆಕ್ಟರು ತೆರೆದು ಮುಚ್ಚಬೇಕು. ಪ್ರತಿಸಲವೂ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಸೆಕೆಂಡಿನ ಸಾವಿರದ ಕೆಲವು ಭಾಗಗಳಲ್ಲಿ ಲೆಕ್ಕಹಾಕಬೇಕು. ಇದಕ್ಕಾಗಿ ಗಣಕದ ನೆನಪಿನಲ್ಲಿ ದೊಡ್ಡ ಕೋಷ್ಟಕಗಳಿರುತ್ತವೆ. ಎಂಜಿನ್ನಿನ ವೇಗ ಇಷ್ಟು, ಒಳಬಂದ ಗಾಳಿ ಇಷ್ಟು, ನೀರಿನ ಉಷ್ಣತೆ ಇಷ್ಟು ಎಂದಾದರೆ ಪೆಟ್ರೋಲು ಇಷ್ಟು, ಕಿಡಿಯ ಕಾಲ ಇಷ್ಟು ಎಂದು ತಯಾರಕರು ತಮ್ಮ ಪ್ರಯೋಗಶಾಲೆಯಲ್ಲಿ ತಿಂಗಳುಗಟ್ಟಲೆ ಅಳೆದು ಬರೆದಿಟ್ಟ ಮಗ್ಗಿ ಅದು. ಮೇಷ್ಟರ ಕಾರಿನಲ್ಲಿರುವ ಮಗ್ಗಿ ೨೦೧೪ರದು.

ಆದರೆ ಗಣಕ ಮಗ್ಗಿಯನ್ನು ಕುರುಡಾಗಿ ಒಪ್ಪಿಸುವ ವಿದ್ಯಾರ್ಥಿಯಲ್ಲ. ಇಲ್ಲಿಯೇ ನಮ್ಮ ಪ್ರಶ್ನೆಯ ತಿರುಳಿರುವುದು. ನುರಿತ ಅಡುಗೆಯವರು ಸಾರಿಗೆ ಉಪ್ಪನ್ನು ಮೊದಲು ರೂಢಿಯ ಅಳತೆಯಂತೆ ಹಾಕುತ್ತಾರೆ. ಅನಂತರ ಒಂದು ಹನಿ ಅಂಗೈಮೇಲೆ ಬಿಟ್ಟುಕೊಂಡು ರುಚಿ ನೋಡಿ ತಿದ್ದುತ್ತಾರೆ. ಕಾರಿನ ಗಣಕಕ್ಕೆ ನಾಲಗೆಯಾಗಿರುವುದು ಹೊಗೆಕೊಳವೆಯಲ್ಲಿ ಕುಳಿತಿರುವ ಆಮ್ಲಜನಕ ಸೂಚಕ. ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ ಎನ್ನುತ್ತಾರೆ. ಜಿರ್ಕೋನಿಯವೆಂಬ ಪಿಂಗಾಣಿಯಂಥ ವಸ್ತುವಿನ ಒಂದು ಬೆರಳು ಅದು. ಅದರ ಹೊರಮೈಗೆ ಹೊಗೆ, ಒಳಮೈಗೆ ಶುದ್ಧ ಗಾಳಿ ತಾಗುತ್ತಿರುತ್ತದೆ. ಸುಮಾರು ೩೦೦ ಡಿಗ್ರಿ ಸೆಂಟಿಗ್ರೇಡಿಗೆ ಮೇಲೆ ಕಾದಾಗ, ಎರಡು ಕಡೆಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ಅದರಲ್ಲಿ ಅಲ್ಪ ವಿದ್ಯುತ್ತು ಹುಟ್ಟುತ್ತದೆ. ಇಂಧನ ಹೆಚ್ಚಿದ್ದರೆ ೦.೯ ವೋಲ್ಟಿನ ಸಮೀಪ, ಗಾಳಿ ಹೆಚ್ಚಿದ್ದರೆ ೦.೧ ವೋಲ್ಟಿನ ಸಮೀಪ. ಗಣಕ ಇದನ್ನು ನೋಡಿ ಮುಂದಿನ ಚಿಮ್ಮುಗಳನ್ನು ತುಸು ಕುಗ್ಗಿಸುತ್ತದೆ ಅಥವಾ ಹಿಗ್ಗಿಸುತ್ತದೆ.

ಇಷ್ಟೇ ಅಲ್ಲ. ಪ್ರತಿದಿನವೂ ಶೇಕಡ ೫ರಷ್ಟು ಹೆಚ್ಚು ಹಾಕಬೇಕಾಗಿ ಬಂದರೆ ಆ ಸಂಗತಿಯನ್ನು ಗಣಕ ನೆನಪಿನಲ್ಲಿಡುತ್ತದೆ. ಮಾರನೆಯ ದಿನ ಆ ತಿದ್ದುಪಡಿಯಿಂದಲೇ ಲೆಕ್ಕವನ್ನು ಆರಂಭಿಸುತ್ತದೆ. ಮಗ್ಗಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಂಡ ಹಾಗೆ. ಇದನ್ನು ‘ಕಲಿತ ತಿದ್ದುಪಡಿ’ ಎಂದು ಕರೆಯೋಣ. ಅಚ್ಚಾದ ಮಗ್ಗಿ ಬೇರೆ, ಪೆನ್ಸಿಲಿನ ಗುರುತು ಬೇರೆ ಎಂಬ ಭೇದವನ್ನು ಓದುಗರು ಮರೆಯಬಾರದು. ‘ಅಪ್‌ಡೇಟ್’ ಎಂದರೆ ಅಚ್ಚಿನ ಮಗ್ಗಿಯನ್ನೇ ಬದಲಾಯಿಸುವುದು. ಪೆನ್ಸಿಲಿನ ಗುರುತಾದರೋ ದಿನದಿನವೂ ತನಗೆ ತಾನೇ ಹೊಸದಾಗುತ್ತಿರುತ್ತದೆ. ಎಂಜಿನ್ನು ಸವೆದರೂ, ಇಂಜೆಕ್ಟರಿನ ಬಾಯಿ ಸ್ವಲ್ಪ ಕಟ್ಟಿಕೊಂಡರೂ, ಕಾರು ನಂದಿಬೆಟ್ಟ ಏರಿದರೂ ಗಣಕ ಹೊಂದಿಕೊಳ್ಳುವುದು ಹೀಗೆ. ಈ ಗುರುತಿಗೆ ಒಂದು ಎಲ್ಲೆಯುಂಟು. ಸಾಮಾನ್ಯವಾಗಿ ತಿದ್ದುಪಡಿ ಶೇಕಡ ೨೦ರಿಂದ ೨೫ರವರೆಗೆ ಹೋಗಬಹುದು. ಅದನ್ನು ಮೀರಿದರೆ ‘ನನ್ನಿಂದಾಗದು’ ಎಂದು ಗಣಕ ಹಳದಿ ದೀಪವನ್ನು ಹೊತ್ತಿಸುತ್ತದೆ.

ಈಗ ಮೇಷ್ಟರ ಕಾರಿಗೆ ಮರಳೋಣ. ೨೦೧೪ರಿಂದ ಈಚೆಗೆ ಬದಲಾದುದೇನು? ಎತ್ತರ ಬದಲಾಗಿಲ್ಲ, ಗಾಳಿ ಬದಲಾಗಿಲ್ಲ. ಬದಲಾದುದು ಪೆಟ್ರೋಲು.

ಯಶವಂತಪುರವನ್ನು ದಾಟಿ ತುಮಕೂರು ರಸ್ತೆಯಲ್ಲಿ ಮುಂದೆ ಹೋದರೆ ಮಾದಾವರದ ಬಳಿ ಬೆಂಗಳೂರು ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ ಸಿಗುತ್ತದೆ. ೨೦೨೩ರ ಫೆಬ್ರುವರಿ ೬ರಂದು ಅಲ್ಲಿ ನಡೆದ ಇಂಧನ ಸಪ್ತಾಹದಲ್ಲಿ ಪ್ರಧಾನಮಂತ್ರಿಗಳು ‘ಇ-೨೦’ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಕೊಟ್ಟರು. ಅಂದು ೧೧ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ೮೪ ಬಂಕುಗಳಲ್ಲಿ ಆರಂಭವಾದ ಈ ಇಂಧನ ೨೦೨೫ರ ವೇಳೆಗೆ ದೇಶದ ಸಾಮಾನ್ಯ ಪೆಟ್ರೋಲೇ ಆಗಿಬಿಟ್ಟಿತು. ನೂರು ಪಾಲಿನಲ್ಲಿ ಇಪ್ಪತ್ತು ಪಾಲು ಎಥನಾಲು, ಎಂದರೆ ಕಬ್ಬಿನ ಕಾಕಂಬಿಯಿಂದಲೂ ಧಾನ್ಯಗಳಿಂದಲೂ ತೆಗೆದ ಮದ್ಯಸಾರ. ೨೦೧೩-೧೪ರಲ್ಲಿ ದೇಶದ ಪೆಟ್ರೋಲಿನಲ್ಲಿ ಸರಾಸರಿ ಶೇಕಡ ೧.೫ರಷ್ಟು ಮಾತ್ರ ಎಥನಾಲು ಇದ್ದಿತು. (ಮದ್ಯಸಾರವನ್ನು ಮೋಟಾರಿಗೆ ಕುಡಿಸುವ ಯೋಚನೆ ಹೊಸದೇನೂ ಅಲ್ಲ, ಪೆಟ್ರೋಲಿಗೆ ಅದನ್ನು ಬೆರಸುವ ಸಲುವಾಗಿ ಕೇಂದ್ರ ಸರ್ಕಾರ ೧೯೪೮ರಲ್ಲಿಯೇ ಒಂದು ಶಾಸನವನ್ನು ಮಾಡಿದ್ದಿತು.)

ಎಥನಾಲಿನ ಅಣುವಿನಲ್ಲಿ ಆಮ್ಲಜನಕ ಮೊದಲೇ ಸೇರಿಕೊಂಡಿದೆ. ತೂಕದಲ್ಲಿ ಅದು ಸುಮಾರು ಶೇಕಡ ೩೫. ಕೊಂಚಮಟ್ಟಿಗೆ ಉರಿದೇ ಬಂದಿರುವ ಇಂಧನವೆಂದು ಹೇಳಿದರೂ ಸಲ್ಲುತ್ತದೆ. ಆದುದರಿಂದ ಅದರ ಒಂದು ಕಿಲೋಗ್ರಾಮಿಗೆ ೯ ಕಿಲೋಗ್ರಾಂ ಗಾಳಿ ಸಾಕು. ಇದನ್ನು ಐದರಲ್ಲೊಂದು ಪಾಲು ಬೆರಸಿದ ಪೆಟ್ರೋಲಿಗೆ ಬೇಕಾದ ಗಾಳಿಯ ಪ್ರಮಾಣ ೧೪.೭ರಿಂದ ಸುಮಾರು ೧೩.೫ಕ್ಕೆ ಇಳಿಯುತ್ತದೆ. ೧೪.೭ನ್ನು ೧೩.೫ರಿಂದ ಭಾಗಿಸಿ ನೋಡಿರಿ: ೧.೦೯ ಬರುತ್ತದೆ. ಅದೇ ಗಾಳಿಗೆ ಶೇಕಡ ೯ರಷ್ಟು ಹೆಚ್ಚು ತೂಕದ ಇಂಧನ ಬೇಕೆಂದು ಇದರ ಅರ್ಥ. ಎಥನಾಲು ಪೆಟ್ರೋಲಿಗಿಂತ ತುಸು ಭಾರವಾದುದರಿಂದ ಗಾತ್ರದಲ್ಲಿ ಇದು ಶೇಕಡ ೮ಕ್ಕೆ ಸ್ವಲ್ಪ ಕಡಮೆ. ಹಳೆಯ ಮಗ್ಗಿಗೆ ಈ ಸಂಗತಿ ತಿಳಿಯದು. ಆದರೆ ಹೊಗೆಯ ರುಚಿ ನೋಡುವ ನಾಲಗೆಗೆ ತಿಳಿಯುತ್ತದೆ. ಪೆನ್ಸಿಲಿನ ಗುರುತು ಎಂಟೊಂಬತ್ತಕ್ಕೆ ಏರುತ್ತದೆ. ಇಪ್ಪತ್ತರ ಎಲ್ಲೆ ಇನ್ನೂ ದೂರವಿದೆ. ಆರೋಗ್ಯವಾಗಿರುವ ಹಳೆಯ ಕಾರಿನ ಗಣಕ ಹೊಸ ಪಾಠವಿಲ್ಲದೆಯೇ ಇ-೨೦ನ್ನು ಸರಿದೂಗಿಸಿಕೊಳ್ಳುವುದು ಹೀಗೆ. ಕಾರ್ಬ್ಯುರೇಟರಿನ ಹಳೆಯ ವಾಹನಕ್ಕೆ ಈ ಭಾಗ್ಯವಿಲ್ಲ. ರಂಧ್ರಕ್ಕೆ ನಾಲಗೆಯಿಲ್ಲವಲ್ಲ!

ಹಾಗಾದರೆ ಲೀಟರಿಗೆ ಓಡುವ ದೂರ ಇಳಿದುದೇಕೆ? ಇದರಲ್ಲಿ ಗಣಕದ ತಪ್ಪಿಲ್ಲ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು ೩೨ ಮೆಗಾಜೌಲು ಶಕ್ತಿಯಿದ್ದರೆ ಒಂದು ಲೀಟರು ಎಥನಾಲಿನಲ್ಲಿರುವುದು ಸುಮಾರು ೨೧. ಎರಡನ್ನೂ ಎಂಬತ್ತು, ಇಪ್ಪತ್ತರ ಪಾಲಿನಲ್ಲಿ ಸೇರಿಸಿದರೆ ಲೀಟರಿಗೆ ೩೦ಕ್ಕೆ ಸ್ವಲ್ಪ ಕಡಮೆ ಬರುತ್ತದೆ. ಶಕ್ತಿ ಶೇಕಡ ೬-೭ರಷ್ಟು ಇಳಿಯಿತು. ೨೦೨೧ರಲ್ಲಿ ನೀತಿ ಆಯೋಗ ಪ್ರಕಟಿಸಿದ ವರದಿಯೂ, ಎಥನಾಲಿಲ್ಲದ ಪೆಟ್ರೋಲಿಗೆಂದು ರಚಿಸಿ ಇ-೧೦ಕ್ಕೆ ಹದಗೊಳಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಇ-೨೦ರಿಂದ ಶೇಕಡ ೬-೭ರಷ್ಟು ಇಳಿತವನ್ನು ಅಂದಾಜು ಮಾಡಿದ್ದಿತು. ಇ-೧೦ಕ್ಕೆಂದು ರಚಿಸಿ ಇ-೨೦ಕ್ಕೆ ಹದಗೊಳಿಸಿದವುಗಳಲ್ಲಿ ಅದು ಶೇಕಡ ೧-೨ ಮಾತ್ರ.

ಈ ಎರಡು ಅಂಕಿಗಳ ನಡುವಣ ಅಂತರವನ್ನು ಕಂಡು ಜಾಣ ವಿದ್ಯಾರ್ಥಿ ಕೇಳಬಹುದು: ಹದಗೊಳಿಸುವುದೆಂದರೆ ಮಗ್ಗಿ ತಿದ್ದುವುದೇ ಅಲ್ಲವೆ? ಹಾಗಿದ್ದರೆ ಹೊಸ ತಂತ್ರಾಂಶದಿಂದ ಲಾಭವಿದೆಯಲ್ಲ? ಒಂದಿಷ್ಟು ಇದೆ, ಒಪ್ಪಬೇಕು. ಎಥನಾಲು ಬೆರೆತ ಪೆಟ್ರೋಲಿಗೆ ‘ನಾಕಿಂಗ್’ ಎಂಬ ಅಕಾಲಸ್ಫೋಟವನ್ನು ತಡೆದುಕೊಳ್ಳುವ ಗುಣ ಹೆಚ್ಚು. ಕಿಡಿಯನ್ನು ಸ್ವಲ್ಪ ಮುಂಚೆ ಹೊತ್ತಿಸಿ, ಅದೇ ಇಂಧನದಿಂದ ಹೆಚ್ಚು ಕೆಲಸವನ್ನು ಹಿಂಡಿಕೊಳ್ಳಬಹುದು. ಹೊಸ ಎಂಜಿನ್ನನ್ನು ಆರಂಭದಿಂದಲೇ ಈ ಇಂಧನಕ್ಕೆಂದು ರಚಿಸುವವರು ಒತ್ತಡದ ಪ್ರಮಾಣವನ್ನೂ ಹೆಚ್ಚಿಸಿ ಇದರ ಪೂರ್ಣ ಪ್ರಯೋಜನ ಪಡೆಯಬಲ್ಲರು. ಹಳೆಯ ಎಂಜಿನ್ನಿನ ಪಿಸ್ಟನ್ನು, ಸಿಲಿಂಡರುಗಳ ಆಕಾರವನ್ನು ತಂತ್ರಾಂಶ ಬದಲಿಸಲಾರದು. ಬೆಳಗಿನ ಮೊದಲ ನಿಮಿಷದ ವಿಷಯದಲ್ಲಿಯೂ ಹೊಸ ಮಗ್ಗಿಗೆ ಕೊಂಚ ಕೆಲಸವಿದೆ. ಎಥನಾಲು ಆವಿಯಾಗಲು ಪೆಟ್ರೋಲಿಗೆ ಬೇಕಾದುದರ ಎರಡರಷ್ಟಕ್ಕಿಂತ ಹೆಚ್ಚು ಶಾಖ ಬೇಕು. ನಾಲಗೆ ಕಾಯುವವರೆಗೆ ಗಣಕ ರುಚಿ ನೋಡಲಾರದೆ ಕೇವಲ ಮಗ್ಗಿ ಮತ್ತು ಹಿಂದಿನ ಗುರುತುಗಳನ್ನೇ ನಂಬಬೇಕು. ಆದರೆ ಬೆಂಗಳೂರಿನ ಡಿಸೆಂಬರು, ಜನವರಿಯ ಮುಂಜಾವಿನಲ್ಲಿ ೧೫ ಡಿಗ್ರಿಯ ಸುಮಾರಿನ ಚಳಿ. ಹಿಮ ಬೀಳುವ ದೇಶಗಳ ಕಷ್ಟ ನಮಗಿಲ್ಲ. ಇಷ್ಟು ಚಳಿಗೆ ನೆಟ್ಟಗಿರುವ ಕಾರು ಹಟ ಹಿಡಿಯಬಾರದು.

ಹೊಸ ಪಾಠ ನಿಜವಾಗಿಯೂ ಬೇಕಾಗುವ ಸಂದರ್ಭಗಳಿಲ್ಲವೆಂದಲ್ಲ. ಮೊದಲಿನದು, ಮಗ್ಗಿಯನ್ನು ಬರೆದವರೇ ತಪ್ಪು ಮಾಡಿದ್ದಾಗ. ತಪ್ಪು ಮಾತ್ರವಲ್ಲ, ಮೋಸವೂ ಇರಬಹುದು. ೨೦೧೫ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲು ಕಾರುಗಳ ಗುಟ್ಟನ್ನು ಬಯಲಿಗೆಳೆಯಿತು. ಕಾರು ಪರೀಕ್ಷೆಯ ಉರುಳೆಗಳ ಮೇಲೆ ಓಡುತ್ತಿದೆಯೆಂಬುದನ್ನು ಅದರ ತಂತ್ರಾಂಶ ಗುರುತಿಸಿ, ಆಗ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುತ್ತಿದ್ದಿತು. ರಸ್ತೆಗಿಳಿದ ಮೇಲೆ ಸಾರಜನಕದ ಆಕ್ಸೈಡುಗಳನ್ನು ಯಥೇಚ್ಛವಾಗಿ ಉಗುಳುತ್ತಿದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆ ಕಂಪನಿ ಭಾರತದಲ್ಲಿ ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಎಂಬ ಮೂರು ಹೆಸರುಗಳ ೩,೨೩,೭೦೦ ಕಾರುಗಳನ್ನು ತಂತ್ರಾಂಶದ ಬದಲಾವಣೆಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಅವುಗಳಲ್ಲಿ ಏಳೆಂಟು ವರ್ಷ ಓಡಿದ ಹಳೆಯವೂ ಇದ್ದುವು. ಯೂರೋಪಿನಲ್ಲಿ ಇವೇ ಎಂಜಿನ್ನುಗಳ ಪೈಕಿ ೧.೬ ಲೀಟರಿನದಕ್ಕೆ ತಂತ್ರಾಂಶವೊಂದೇ ಸಾಲದೆ, ಗಾಳಿಯ ಅಳತೆಯ ಮುಂದೆ ಪ್ಲಾಸ್ಟಿಕ್ಕಿನ ಸಣ್ಣ ಜಾಲರಿಯೊಂದನ್ನೂ ಕೂರಿಸಿದರೆಂಬುದು ಕುತೂಹಲದ ಸಂಗತಿ.

ಇಂಥ ಕರೆ ತಮ್ಮ ಕಾರಿಗೆ ಬಂದಿದೆಯೆ ಎಂಬುದನ್ನು ತಯಾರಕರ ಜಾಲತಾಣದಲ್ಲಿ ಚಾಸಿ ಸಂಖ್ಯೆಯನ್ನು ಕೊಟ್ಟು ತಿಳಿಯಬಹುದು. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಆದರೆ ಹಳೆಯ ವಾಹನಗಳ ಒಡೆಯರು ಒಂದನ್ನು ತಿಳಿದಿರಬೇಕು. ೨೦೧೯ರಲ್ಲಿ ತಿದ್ದಲಾದ ಮೋಟಾರು ವಾಹನ ಶಾಸನದ ಪ್ರಕಾರ ಸರ್ಕಾರವೇ ತಯಾರಕರಿಂದ ಕಡ್ಡಾಯವಾಗಿ ವಾಹನಗಳನ್ನು ಹಿಂದಕ್ಕೆ ಕರೆಸುವ ನಿಯಮಗಳು ೨೦೨೧ರ ಏಪ್ರಿಲ್ ೧ರಿಂದ ಜಾರಿಗೆ ಬಂದುವು. ಏಳು ವರ್ಷಕ್ಕಿಂತ ಕಡಮೆ ವಯಸ್ಸಿನ ವಾಹನಗಳಿಗೆ ಮಾತ್ರ ಅವು ಅನ್ವಯಿಸುತ್ತವೆ. ಅದಕ್ಕಿಂತ ಹಳೆಯವು ತಯಾರಕರ ಸ್ವಂತ ಇಚ್ಛೆಯನ್ನು ಕಾಯಬೇಕು. ತಂತ್ರಾಂಶದ ದೋಷ ಏಳನೆಯ ಹುಟ್ಟುಹಬ್ಬದಂದು ಮಾಯವಾಗುವುದಿಲ್ಲವಾದುದರಿಂದ ಈ ಮಿತಿ ನನಗೆ ಅಷ್ಟು ನ್ಯಾಯವಾಗಿ ತೋರುವುದಿಲ್ಲ.

ಎರಡನೆಯದು, ಕಾರು ಹೊರಗಿನವರೊಡನೆ ಮಾತನಾಡುವುದಾದರೆ. ನಮ್ಮ ಕೈಯ ಮೊಬೈಲು ಪದೇಪದೇ ಅಪ್‌ಡೇಟ್ ಬೇಡುವುದನ್ನು ಕಂಡು ಕಾರಿಗೂ ಅದು ಬೇಕೆಂದು ಜನ ಭಾವಿಸುತ್ತಾರೆ. ಮೊಬೈಲು ದಿನವಿಡೀ ಅಪರಿಚಿತರೊಡನೆ ವ್ಯವಹರಿಸುವ ಯಂತ್ರ; ಕಳ್ಳರು ಹೊಸ ಕನ್ನ ಕಂಡುಹಿಡಿದಂತೆಲ್ಲ ಅದರ ಗೋಡೆಯನ್ನು ದುರಸ್ತಿ ಮಾಡುತ್ತಿರಬೇಕು. ೨೦೧೫ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪ್ ಚೆರೋಕಿ ಕಾರಿನ ನಿಯಂತ್ರಣವನ್ನು ದೂರದಿಂದ ಜಾಲದ ಮೂಲಕ ವಶಪಡಿಸಿಕೊಂಡು ತೋರಿಸಿದ ಮೇಲೆ, ತಯಾರಕರು ೧೪ ಲಕ್ಷ ವಾಹನಗಳ ತಂತ್ರಾಂಶವನ್ನು ಬದಲಾಯಿಸಬೇಕಾಗಿ ಬಂತು. ಸಿಮ್ ಇರುವ, ಜಾಲಕ್ಕೆ ಸೇರಿಕೊಂಡ ಹೊಸ ಕಾರುಗಳಿಗೆ ಈ ಎಚ್ಚರ ಅಗತ್ಯ. ಮೇಷ್ಟರ ಕಾರಾದರೋ ಯಾರೊಡನೆಯೂ ಮಾತನಾಡದ ಮೌನಿ. ಸ್ಟಿಯರಿಂಗಿನ ಕೆಳಗಿರುವ ೧೬ ಮೊಳೆಗಳ ಕಿಂಡಿಗೆ ಯಾರಾದರೂ ತಂತಿ ಚುಚ್ಚಿದಾಗ ಮಾತ್ರ ಅದು ಬಾಯಿ ಬಿಡುತ್ತದೆ.

ಹೊರಜಗತ್ತಿನ ಲೆಕ್ಕವೇ ತಿರುಗಿ ನಿಲ್ಲುವುದು ಮತ್ತೊಂದು ಸಂದರ್ಭ. ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳ ಮೂಲಸಂಕೇತ ವಾರಗಳನ್ನು ಹತ್ತು ದ್ವಿಮಾನ ಅಂಕಿಗಳಲ್ಲಿ ಎಣಿಸುತ್ತದೆ. ೧,೦೨೪ ವಾರಗಳಾದೊಡನೆ ಎಣಿಕೆ ಸೊನ್ನೆಗೆ ಹೊರಳುತ್ತದೆ. ೧೯೯೯ರ ಆಗಸ್ಟಿನಲ್ಲಿ ಒಮ್ಮೆ, ೨೦೧೯ರ ಏಪ್ರಿಲಿನಲ್ಲಿ ಮತ್ತೊಮ್ಮೆ ಹಾಗಾಯಿತು. ಇದನ್ನು ನಿರೀಕ್ಷಿಸದೆ ಬರೆದ ತಂತ್ರಾಂಶವುಳ್ಳ ಹಳೆಯ ಉಪಕರಣಕ್ಕೆ ಹೊಸ ಪಾಠ ಬೇಕೇ ಬೇಕು. ಎಂಜಿನ್ನಿನ ಗಣಕಕ್ಕೆ ಮಾತ್ರ ಇಂದು ಯಾವ ವಾರವೆಂಬ ಚಿಂತೆಯಿಲ್ಲ.

ಮೇಷ್ಟರು ಕೇಳಿದ ಮುಪ್ಪಿನ ವಿಷಯ ಉಳಿಯಿತು. ತಂತ್ರಾಂಶ ನೆಲೆಸಿರುವುದು ‘ಫ್ಲಾಷ್’ ಎಂಬ ನೆನಪಿನಲ್ಲಿ. ಅತಿ ಸೂಕ್ಷ್ಮವಾದ ಕೋಶಗಳಲ್ಲಿ ಸೆರೆಹಿಡಿದ ವಿದ್ಯುತ್ಕಣಗಳೇ ಅದರ ಅಕ್ಷರಗಳು. ಈ ಕಣಗಳು ಬಲು ನಿಧಾನವಾಗಿ ಸೋರುತ್ತವೆ. ಶಾಖ ಹೆಚ್ಚಿದಷ್ಟೂ ಬೇಗ. ತಯಾರಕರು ಸಾಮಾನ್ಯವಾಗಿ ಹತ್ತು, ಇಪ್ಪತ್ತು ವರ್ಷಗಳ ಭರವಸೆ ಕೊಡುತ್ತಾರೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲ ಉಳಿಯುವುದೇ ರೂಢಿ. ಒಂದು ಅಕ್ಷರ ಅಳಿಸಿದರೂ ಗಣಕ ತನ್ನ ಬರಹದ ಮೊತ್ತವನ್ನು ಕೂಡಿ ನೋಡಿ ತಪ್ಪನ್ನು ಸಾರುತ್ತದೆ. ಗಣಕದ ಪೆಟ್ಟಿಗೆಯಲ್ಲಿ ಮೊದಲು ಮುದಿಯಾಗುವುದು ಅಕ್ಷರಗಳಲ್ಲ, ಒಣಗಿಹೋಗುವ ಕೆಪಾಸಿಟರುಗಳು ಮತ್ತು ಬಿರುಕುಬಿಡುವ ಬೆಸುಗೆಗಳು.

ಹೊಸ ಪಾಠ ಬರೆಯುವುದು ಸಹ ನಿರಪಾಯವಾದ ಕೆಲಸವಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ತುಂಬುವ ನಡುವೆ ಬ್ಯಾಟರಿಯ ಒತ್ತಡ ಕುಸಿದರೆ, ಹಲಗೆಯ ಮೇಲೆ ಅರ್ಧ ಅಳಿಸಿದ ಲೆಕ್ಕದಂತೆ, ಗಣಕ ಯಾವ ಕೆಲಸಕ್ಕೂ ಬಾರದೆ ಉಳಿಯಬಹುದು. ಪಾಠ ಸರಿಯಾಗಿ ಮುಗಿದರೂ ಪೆನ್ಸಿಲಿನ ಗುರುತುಗಳೆಲ್ಲ ಅಳಿಸಿರುತ್ತವೆ. ಕಾರು ಕೆಲವು ದಿನ ಮಗುವಿನಂತೆ ಮತ್ತೆ ಎಲ್ಲವನ್ನೂ ಕಲಿಯಬೇಕು. ಅಪ್‌ಡೇಟ್ ಆದ ಕೂಡಲೆ ಹಳದಿ ದೀಪ ಆರಿ, ವಾರದ ಮೇಲೆ ಮತ್ತೆ ಹೊತ್ತಿಕೊಳ್ಳುವುದರ ರಹಸ್ಯವೂ ಇದೇ. ರೋಗ ಹೋಗಿರುವುದಿಲ್ಲ, ರೋಗದ ದಾಖಲೆ ಮಾತ್ರ ಹರಿದುಹೋಗಿರುತ್ತದೆ.

ಇಷ್ಟನ್ನು ಮಾತನಾಡಿಕೊಂಡು ನಾನೂ ಮೇಷ್ಟರೂ ಆರ್.ಟಿ. ನಗರದ ಒಂದು ಸ್ಕ್ಯಾನರ್ ಇರುವ ಸಣ್ಣ ಗ್ಯಾರೇಜಿಗೆ ಹೋದೆವು. ಅಲ್ಲಿಯ ಯುವಕ ಕಿಂಡಿಗೆ ತಂತಿ ಸೇರಿಸಿದೊಡನೆ ಪರದೆಯ ಮೇಲೆ ‘ಪಿ ೦೧೭೧’ ಎಂಬ ಸಂಕೇತ ಬಂದಿತು. ಮಿಶ್ರಣ ತೆಳುವಾಗಿದೆ, ತಿದ್ದುಪಡಿ ಎಲ್ಲೆ ಮುಟ್ಟಿದೆ ಎಂದು ಅದರ ಅರ್ಥ. ಕಲಿತ ತಿದ್ದುಪಡಿಯನ್ನು ತೋರಿಸೆಂದು ಕೇಳಿದೆವು. ಎಂಜಿನ್ನು ನಿಂತಲ್ಲೇ ಮೆಲ್ಲಗೆ ತಿರುಗುತ್ತಿದ್ದಾಗ ಅದು ಶೇಕಡ ೨೪. “ಈಗ ೨,೫೦೦ ಸುತ್ತಿಗೆ ಏರಿಸಪ್ಪ” ಎಂದರು ಮೇಷ್ಟರು. ಅಂಕಿ ನಿಧಾನವಾಗಿ ೧೨ಕ್ಕೆ ಇಳಿಯಿತು.

ಮೇಷ್ಟರ ಮುಖ ಅರಳಿತು. ನಾನು ಬಾಯಿ ತೆರೆಯುವ ಮೊದಲೇ ಅವರು ಲೆಕ್ಕ ಬಿಡಿಸಿದ್ದರು. ಪೆಟ್ರೋಲಿನಲ್ಲಿರುವ ಎಥನಾಲೇ ಎಲ್ಲಕ್ಕೂ ಕಾರಣವಾಗಿದ್ದರೆ ತಿದ್ದುಪಡಿ ಎಲ್ಲ ವೇಗದಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿರಬೇಕು. ಇಂಧನದ ಗುಣ ವೇಗವನ್ನು ನೋಡಿ ಬದಲಾಗುವುದಿಲ್ಲ. ಮಗ್ಗಿ ಹಳೆಯದಾದುದೇ ಕಾರಣವೆಂದರೂ ಇಷ್ಟು ಅಂತರಕ್ಕೆ ಅರ್ಥವಿಲ್ಲ. ಎಲ್ಲಿಂದಲೋ ಅಳತೆಗೆ ಸಿಗದ ಗಾಳಿ ಒಳನುಗ್ಗುತ್ತಿರಬೇಕು. ಈ ಕಾರಿನಲ್ಲಿ ಗಾಳಿಯ ತೂಕವನ್ನು ಕೊಳವೆಯ ಬಾಯಲ್ಲೇ ಅಳೆಯುತ್ತಾರೆ. ಅದರಿಂದ ಮುಂದೆ ಬಿರುಕಿದ್ದರೆ ಒಳಬಂದ ಕಳ್ಳಗಾಳಿ ಲೆಕ್ಕಕ್ಕೆ ಬಾರದು. ಎಂಜಿನ್ನು ಮೆಲ್ಲಗೆ ತಿರುಗುವಾಗ ಅದು ಎಳೆದುಕೊಳ್ಳುವ ಒಟ್ಟು ಗಾಳಿಯೇ ಕಡಮೆ. ಕಳ್ಳಗಾಳಿಯ ಪಾಲು ಅದರಲ್ಲಿ ದೊಡ್ಡದು. ವೇಗ ಏರಿದಂತೆ ಒಟ್ಟು ಗಾಳಿ ಹೆಚ್ಚಿ ಆ ಪಾಲು ಕುಗ್ಗುತ್ತದೆ. ಅಂಶ ಅಷ್ಟೇ ಇದ್ದು ಛೇದ ದೊಡ್ಡದಾದ ಭಿನ್ನರಾಶಿ!

ಯುವಕ ಕೈ ಹಾಕಿ ತಡವಿ, ಎಂಜಿನ್ನಿನ ಹಿಂಬದಿಯಿಂದ ಬೆರಳುದ್ದದ ರಬ್ಬರು ಕೊಳವೆಯೊಂದನ್ನು ಕಿತ್ತು ತೋರಿಸಿದನು. ಬಗ್ಗಿಸಿದೊಡನೆ ಅದರ ಮೈಯಲ್ಲಿ ಬಿರುಕು ಬಾಯಿಬಿಟ್ಟಿತು. ಹನ್ನೊಂದು ವರ್ಷದ ಶಾಖವೇ ಅದನ್ನು ಒಣಗಿಸಿತೋ, ಹೊಸ ಇಂಧನದ ಆವಿಯೂ ಕೈಸೇರಿಸಿತೋ, ಆ ಒಂದು ತುಂಡನ್ನು ನೋಡಿ ತೀರ್ಪು ಹೇಳುವುದು ಸಾಧ್ಯವಿಲ್ಲ. ಎಥನಾಲು ಕೆಲವು ಬಗೆಯ ಹಳೆಯ ರಬ್ಬರುಗಳನ್ನು ಉಬ್ಬಿಸಿ ಮೆದುಗೊಳಿಸುವುದೆಂಬುದು ನಿಜ. ಅದಕ್ಕೆ ತಕ್ಕ ಮದ್ದು ಹೊಸ ಜಾತಿಯ ರಬ್ಬರೇ ಹೊರತು ಗಣಕದ ಪಾಠವಲ್ಲ. ಎಂಟರಷ್ಟು ಹೊರೆಯನ್ನು ಇ-೨೦ ಹೊರಿಸಿತು. ಗಣಕ ಅದನ್ನು ಸದ್ದಿಲ್ಲದೆ ಹೊತ್ತಿತು. ಮೇಲೆ ಹದಿನಾರರಷ್ಟನ್ನು ಈ ಬಿರುಕು ಹೇರಿದಾಗ ಎಲ್ಲೆ ಮುಟ್ಟಿ ಕೂಗಿಕೊಂಡಿತು.

ಕೊಳವೆಗೂ ಕೂಲಿಗೂ ಸೇರಿ ಕೆಲವು ನೂರು ರೂಪಾಯಿಗಳಾದುವು. ಹತ್ತು ದಿನ ಓಡಿಸಿದ ಮೇಲೆ ಮತ್ತೆ ತಂತಿ ಚುಚ್ಚಿ ನೋಡಿದೆವು. ನಿಂತಾಗಲೂ, ವೇಗ ಏರಿಸಿದಾಗಲೂ ತಿದ್ದುಪಡಿ ಶೇಕಡ ೮ರ ಆಸುಪಾಸಿನಲ್ಲಿ ನೆಲೆಗೊಂಡಿದ್ದಿತು. ಬೆಳಗಿನ ಹಟ ಹೋಗಿದೆ, ಹೆಬ್ಬಾಳದಲ್ಲಿ ನಡುಕವಿಲ್ಲ. ಲೀಟರಿಗೆ ಓಡುವ ದೂರ ಬಹುಮಟ್ಟಿಗೆ ಹಿಂದಿರುಗಿದೆ, ಪೂರ್ತಿಯಾಗಿ ಅಲ್ಲ. ಇ-೨೦ರ ಪಾಲಿನದು ಬಾಕಿಯೇ ಉಳಿಯಿತು. ಮೇಷ್ಟರು ಚಾಸಿ ಸಂಖ್ಯೆಯನ್ನು ಕೊಟ್ಟು ತಯಾರಕರ ಜಾಲತಾಣದಲ್ಲಿ ಹುಡುಕಿದರು. ಅವರ ಕಾರಿಗೆ ಯಾವ ಕರೆಯೂ ಬಂದಿರಲಿಲ್ಲ. ಅದರ ಗಣಕದಲ್ಲಿ ಇಂದಿಗೂ ಇರುವುದು ೨೦೧೪ರ ಮಗ್ಗಿಯೇ. ಅಂಚಿನಲ್ಲಿ ಪೆನ್ಸಿಲಿನ ಒಂದು ಎಂಟು.